ಐದು ಥೈಮ್ ಗಿಡ, ಒಂದು ಸುಳ್ಳು

ಬೇರೆಯವರ ಮನೆಯಲ್ಲಿ ಗಿಡಗಳು ಹುಳ ಬಿದ್ದು ಸಾಯುತ್ತವೆ, ಇಲ್ಲವೇ ಮೇಕೆಯ ಬಾಯಿಗೆ ಹೋಗುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಯಾರಾದರೂ ಒಳ್ಳೆಯವರು ಬಂದು ಒಳ್ಳೆಯದು ಮಾಡಲು ಹೋಗಿಯೇ ಸಾಯುತ್ತವೆ. ಒಂದು ಸಲವಾದರೆ ಅತ್ತು ಸುಮ್ಮನಾಗಬಹುದು. ಮೇಲಿಂದ ಮೇಲೆ ಆದರೆ ಬರೆದಿಡುವುದೊಂದೇ ದಾರಿ.

ತೊಂಬತ್ತರ ದಶಕದ ಕೊನೆಯ ಮಾತು. ಬಳ್ಳಾರಿಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಮುಗಿಸಿ, ಕೊಟ್ಟೂರಿನ ಮನೆಗೆ ಮರಳಿದ್ದೆ. ನನ್ನದು ಮಾತು ಕಡಿಮೆ. ಹೇಳುವುದನ್ನೆಲ್ಲ ಹಾಸ್ಟೆಲ್ ಗೆಳತಿಗೆ ಬರೆಯುವ ಪತ್ರದಲ್ಲೇ ಹೇಳುತ್ತಿದ್ದೆ. ಅವಳ ಅಪ್ಪನಿಗೆ ಊಟಿಗೆ ವರ್ಗವಾಗಿ, ಅವರ ಹೊಸ ಮನೆಯ ಹಿತ್ತಲಲ್ಲಿ ಥೈಮ್ ಬೆಳೆದಿತ್ತಂತೆ. ಥೈಮ್ ಎಂದರೆ ಗೇಣುದ್ದದ ಗಿಡ, ಎಳ್ಳಿನಷ್ಟು ಎಲೆ, ಘಮ್ಮೆನ್ನುವ ವಾಸನೆ. ಹಾಸ್ಟೆಲ್ಲಿನಲ್ಲಿ ನಾವು ಓದಿದ ಇಂಗ್ಲಿಷ್ ಕಥೆಗಳಲ್ಲಿ ಎಲ್ಲರೂ ಅದನ್ನು ಆಲೂಗಡ್ಡೆಗೆ, ಸೂಪಿಗೆ ಹಾಕಿಕೊಂಡು ತಿನ್ನುತ್ತಿದ್ದರು. ನಾವಿಬ್ಬರೂ ಅನ್ನ ಸಾರು ಉಣ್ಣುತ್ತಾ ಅದರ ರುಚಿ ಹೇಗಿರಬಹುದೆಂದು ಊಹಿಸುತ್ತಿದ್ದೆವು. ಬೀಜ ಕಳಿಸು ಎಂದು ಬರೆದೆ.

೧. ಪತ್ರದೊಳಗಿನ ಧೂಳು

ಪತ್ರ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಹೊರಬರುವಷ್ಟರಲ್ಲಿ ಅವ್ವ ಅದನ್ನು ಒಡೆದು, ನೀಟಾಗಿ ಮಡಚಿ ನನ್ನ ಕೈಗಿಟ್ಟಳು.

"ಇದರಾಗ ಬೀಜ ಇದ್ದುವಲ್ಲವ್ವ?"

"ಬೀಜ ಎಲ್ಲೀವು? ಬರೇ ಧೂಳು ತುಂಬಿತ್ತು. ಹೊಸ್ತಿಲ ಹೊರಗ ಝಾಡಿಸೀನಿ. ಎಂಥಾ ಹುಡುಗಿನೋ, ಕಾಗದ ಬರಿಯೋಕಿಂತ ಮುಂಚೆ ಟೇಬಲ್ ಒರಸಬಾರದ?"

ಥೈಮ್ ಬೀಜ ಧೂಳಿನಷ್ಟೇ ಇರುತ್ತದೆ, ಅದು ಅವ್ವನ ತಪ್ಪಲ್ಲ. ನಾನು ಹೊಸ್ತಿಲಿನಿಂದ ಗೇಟಿನವರೆಗೆ ಗುಡಿಸಿ, ಬಂದ ಕಸವನ್ನೆಲ್ಲ ಒಂದು ಹಳೆಯ ಎಣ್ಣೆ ಡಬ್ಬಿಯ ಮಣ್ಣಿಗೆ ಸುರಿದು ಮೇಲೆ ಮರಳು ಉದುರಿಸಿದೆ. ಇಡೀ ಓಣಿ ನೋಡುತ್ತಿತ್ತು. ಮೂರು ವಾರದ ಮೇಲೆ ಎರಡು ಟೊಮ್ಯಾಟೊ, ಒಂದು ಮೆಣಸಿನ ಗಿಡ ಮತ್ತು ಕೂದಲಿನಂಥ ಐದು ಥೈಮ್ ಸಸಿ ಎದ್ದವು.

ಎದುರು ಮನೆಯಾಕಿ ಬಂದು ಬಗ್ಗಿ ನೋಡಿ ಹೇಳಿದಳು: "ಇಂಗ್ಲಿಷ್ ಓದಿದ್ದಕ್ಕೂ ಸಾರ್ಥಕ ಆತು ನೋಡವ್ವ. ನಾವೆಲ್ಲ ಕಸ ಹೊರಗ ಚೆಲ್ತೀವಿ, ನೀ ಬಿತ್ತೀದಿ."

೨. ನೀರು

"ನೀರು ಬಹಳ ಕಡಿಮೆ ಹಾಕು, ಅದರ ಮೇಲೆ ನಿನಗೆ ಸಿಟ್ಟು ಇದ್ದಂಗಿರು" ಎಂದು ಗೆಳತಿ ಬರೆದಿದ್ದಳು. ನಾನು ಹಾಗೇ ಇದ್ದೆ. ಉಳಿದವರು ಹಾಗಿರಲಿಲ್ಲ.

ಅಪ್ಪನದು ಶೇಂಗಾ ವ್ಯಾಪಾರ. ಇಟ್ಟಿಗಿ, ಮಾಗಳದಂಥ ಊರುಗಳಿಂದೆಲ್ಲ ರೈತರು ಮನೆಗೇ ಬರುತ್ತಾರೆ. ಬಂದವರಿಗೆ ಅಜ್ಜಿ ಕಾಲು ತೊಳೆಯಲು, ಕುಡಿಯಲು ಒಂದೊಂದು ತಂಬಿಗೆ ನೀರು ಕೊಡುತ್ತಾಳೆ. ಉಳಿದ ನೀರನ್ನು ನಮ್ಮ ಕಡೆ ಯಾರೂ ಸುಮ್ಮನೆ ನೆಲಕ್ಕೆ ಚೆಲ್ಲುವುದಿಲ್ಲ. ಪಕ್ಕದಲ್ಲೊಂದು ಗಿಡವಿದ್ದರೆ ಅದರ ಬುಡಕ್ಕೆ ಹಾಕುತ್ತಾರೆ. ದಿನಕ್ಕೆ ಹತ್ತು ಜನ, ಹತ್ತು ಜನರ ಕರುಣೆ. ಎರಡು ಸಸಿ ಕೊಳೆತವು.

ಬಾಯಿಬಿಟ್ಟು ಹೇಳಲು ನಾಚಿಕೆ. ಒಂದು ರಟ್ಟಿನ ಮೇಲೆ 'ದಯವಿಟ್ಟು ನೀರು ಹಾಕಬೇಡಿ' ಎಂದು ದಪ್ಪಕ್ಷರದ ಇಂಗ್ಲಿಷಿನಲ್ಲಿ ಬರೆದು ಡಬ್ಬಿಗೆ ಸಿಕ್ಕಿಸಿದೆ. ಮರುದಿನ ಬಂದವರೆಲ್ಲ ಗೇಟಿನ ಹೊರಗೇ ನಿಂತು ಕೂಗತೊಡಗಿದರು: "ಯಜಮಾನ್ರ, ನಾಯಿ ಕಟ್ಟೀರೇನ್ರಿ?" ಗೇಟಿನ ಒಳಗೆ ಇಂಗ್ಲಿಷ್ ಬೋರ್ಡ್ ಕಂಡರೆ ನಾಯಿ ಇರುತ್ತದೆ ಎಂಬುದು ಅವರ ಲೋಕಾನುಭವ. ಆ ವಾರ ಮೂರು ಸಸಿಗಳು ನಳನಳಿಸಿದವು. ಅಪ್ಪನ ವ್ಯಾಪಾರ ಬಾಡಿತು.

ಕನ್ನಡದಲ್ಲಿ ಬರೆದೆ. ಇಟ್ಟಿಗಿಯ ಒಬ್ಬ ಮುದುಕ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಎರಡು ಸಲ ಓದಿದ. ಆಮೇಲೆ ಅಜ್ಜಿಯ ಕಡೆ ತಿರುಗಿ, "ನೀರಿಗೆ ಬ್ಯಾಡ ಅನ್ನೋ ಕಾಲ ಬಂತೇನಬೇ? ಈ ಹಸಿ ಕೂಸು ಏನು ಪಾಪ ಮಾಡೇತಿ?" ಅಂದ. ಯಾರೂ ನೋಡದ ಹೊತ್ತಿನಲ್ಲಿ ಮೂರು ತಂಬಿಗೆ ಸುರಿದು ಹೋದ. ಅಜ್ಜಿ ಬೋರ್ಡನ್ನು ಕಿತ್ತು ಒಲೆಗೆ ಹಾಕಿದಳು. "ಮನಿ ಮುಂದ ಇಂಥಾದ್ದು ಬರದು ಹಾಕಿದ್ರ ನಾಳೆ ನಮಗ ಯಾರು ಹೆಣ್ಣು ಕೊಡ್ತಾರ?" ನಮ್ಮ ಮನೆಯಲ್ಲಿ ಗಂಡುಹುಡುಗರೇ ಇಲ್ಲ.

ಇನ್ನೂ ಎರಡು ಹೋದವು. ಒಂದೇ ಉಳಿಯಿತು. ಅದೇ ದಿನ ಊಟಿಯಿಂದ ಪತ್ರ: "ಥೈಮ್ ಹೇಗಿದೆ?" ಎಲ್ಲದರಲ್ಲೂ ಗೆಲ್ಲುವ ಅವಳಿಗೆ 'ಸತ್ತಿವೆ' ಎಂದು ಬರೆಯಲು ಕೈ ಬರಲಿಲ್ಲ. "ಬೇಲಿಯಂತೆ ಹಬ್ಬಿದೆ, ಕತ್ತರಿಸಿ ಸಾಕಾಗಿದೆ" ಎಂದು ಬರೆದೆ.

ಮರುಟಪಾಲಿಗೆ ಉತ್ತರ: "ಹಾಗಾದ್ರೆ ಬರ್ತೀನಿ. ನಿನ್ನ ಕೈಯಾರೆ ಮಾಡಿ ಬಡಿಸು."

೩. ಆಲೂಗಡ್ಡೆ

ಉಳಿದ ಒಂದನ್ನು ಮಾಳಿಗೆಗೆ ಹೊತ್ತೊಯ್ದು ಬಿಸಿಲಿಗಿಟ್ಟೆ. ನಮ್ಮೂರ ಬಿಸಿಲಿಗೆ ಅದು ನಿಜಕ್ಕೂ ಮೈತುಂಬಿಕೊಂಡಿತು. ಗೆಳತಿ ಬರುವ ಮೊದಲು ಒಂದು ಸಲ ಮಾಡಿ ನೋಡೋಣವೆಂದು ನಾಲ್ಕೇ ನಾಲ್ಕು ಕಡ್ಡಿ ಮುರಿದು, ಬೆಣ್ಣೆಯಲ್ಲಿ ಆಲೂಗಡ್ಡೆ ಹುರಿದು ಎಲೆ ಉದುರಿಸಿದೆ. ಮನೆಯವರೆಲ್ಲ ಸಾಲಾಗಿ ಕೂತರು.

ಅಪ್ಪ ಒಂದು ಹೋಳು ಬಾಯಿಗಿಟ್ಟು, ಕಣ್ಣುಮುಚ್ಚಿ ಅಗಿದು, "ಚಲೋ ಆಗೈತಿ" ಅಂದರು. ಆಮೇಲೆ ಶೇಂಗಾ ಚಟ್ನಿಪುಡಿ ಸುರಿದುಕೊಂಡರು, ಅದರ ಮೇಲೆ ಎಣ್ಣೆ, ಅದರ ಮೇಲೆ ಹಸಿ ಉಳ್ಳಾಗಡ್ಡಿ. ಕೊನೆಗೆ ಕೇಳಿದರು: "ಪಲ್ಯ ಯಾವಾಗ ಬರ್ತೈತಿ?"

ಅಜ್ಜಿ ಮಾತ್ರ ಮೂಸಿದಳು. "ಇದು ಓಂಕಾಳಿನ ವಾಸನಿ. ಹೊಟ್ಟಿ ಕೆಟ್ಟಾಗ ಕೊಡೋದು. ಯಾಕವ್ವ, ನಿನಗ ಹೊಟ್ಟಿ ನೋವೈತೇನು? ಹೇಳಾಕ ನಾಚಿಕೊಂಡು ಎಲ್ಲಾರಿಗೂ ತಿನ್ನಸ್ತೀಯೇನು?"

ಇಲ್ಲ ಎಂದು ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಮೂರು ಮನೆಗಳಿಂದ ನನಗೆ ಗಂಜಿ ಬಂತು.

೪. ಅತಿಥಿ

ಗೆಳತಿ ಬರುವ ದಿನಕ್ಕೆ ಅಕ್ಕ ಬಾಣಂತಿಯಾಗಿ ನಮ್ಮ ಮನೆಯಲ್ಲೇ ಇದ್ದಳು. ಕೂಸು ಒಂಬತ್ತು ದಿನದ್ದು, ಒಂಬತ್ತೂ ದಿನ ಅತ್ತಿತ್ತು. ಬೆಳಿಗ್ಗೆ ಮಾಳಿಗೆಯ ಗಿಡ ನೋಡಿ ಬಂದೆ. ಒಬ್ಬಳ ತಟ್ಟೆಗೆ ಧಾರಾಳ. ಬೇಲಿ ಎಲ್ಲಿ ಎಂದರೆ ನಿನ್ನೆಯಷ್ಟೇ ಮೇಕೆ ನುಗ್ಗಿತು ಎನ್ನೋಣ. ಇಷ್ಟು ಸಿದ್ಧಮಾಡಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ.

ಹೊಸಪೇಟೆ, ಕೂಡ್ಲಿಗಿ ಸುತ್ತಿಕೊಂಡು ಬಂದ ಬಸ್ಸಿನಿಂದ ಗೆಳತಿ ಸೀನುತ್ತಾ ಇಳಿದಳು. ನಮ್ಮ ಓಣಿಯ ತಿರುವಿನಲ್ಲಿ ಥಟ್ಟನೆ ನಿಂತು ಗಾಳಿ ಮೂಸಿದಳು.

"ಲೇ, ಥೈಮ್! ಇಲ್ಲೀತನಾ ವಾಸನಿ ಬರಾಕತ್ತೇತಲ್ಲೇ! ನೀ ಬರದಾಗ ನಾ ಪೂರ್ತಿ ನಂಬಿರ್ಲಿಲ್ಲ ನೋಡು."

ಅವಳ ಕೈ ಹಿಡಿದುಕೊಂಡು ಮನೆಗೆ ಓಡಿದೆ. ಒಂದು ಗಿಡಕ್ಕೆ ಇಷ್ಟು ವಾಸನೆ ಬರುವುದಿಲ್ಲ. ಸುಟ್ಟರೆ ಬರುತ್ತದೆ.

ಬಾಣಂತಿ ಕೋಣೆಯಲ್ಲಿ ಹೊಗೆ ಬಾಗಿಲಿಗೆ ತಾಗಿ ನಿಂತಿತ್ತು. ಅಜ್ಜಿ ಕೆಂಡದ ಬೋಗುಣಿಯ ಮುಂದೆ ಕೂತು, ನನ್ನ ಥೈಮಿನ ಕೊನೆಯ ಬೇರನ್ನು ಒಳಗೆ ತುರುಕುತ್ತಿದ್ದಳು.

"ಕೂಸಿಗೆ ಹೊಗಿ ಹಾಕಾಕ ಓಂಕಾಳು ತೀರಿತ್ತವ್ವ. ನಿಂದೂ ಅದೇ ವಾಸನಿ ಅಲ್ಲೇನು? ಪಾಪ, ಮಾಳಿಗಿ ಮ್ಯಾಲ ನೀರಿಲ್ಲದ ಒಣಗಾಕತ್ತಿತ್ತು. ಪುಣ್ಯಕ್ಕಾದ್ರೂ ಬರ್ಲಿ ಅಂತ ಬುಡಸಮೇತ ಕಿತ್ತೆ."

ನಾನು ಅಳಬೇಕೆನ್ನುವಷ್ಟರಲ್ಲಿ ಗೆಳತಿ ಮತ್ತೊಮ್ಮೆ ಸೀನಿದಳು. ಅಜ್ಜಿ ಅವಳ ರಟ್ಟೆ ಹಿಡಿದು ಕೂರಿಸಿ, ತಲೆಯ ಮೇಲೆ ಕಂಬಳಿ ಮುಚ್ಚಿ, ಬೋಗುಣಿಯನ್ನು ಅವಳ ಮುಂದಕ್ಕೆ ಸರಿಸಿದಳು. ಊಟಿಯಿಂದ ಥೈಮ್ ಉಣ್ಣಲು ಬಂದವಳು ಕಂಬಳಿಯೊಳಗೆ ಕೆಮ್ಮುತ್ತಾ ಅದನ್ನು ಪೂರ್ತಿಯಾಗಿ ಉಸಿರಾಡಿದಳು.

ಆಗಲೇ ಒಳಗೆ ಒಂದು ವಿಚಿತ್ರ ನಿಶ್ಶಬ್ದ. ಕೂಸು ನಿದ್ದೆ ಹೋಗಿತ್ತು. ಒಂಬತ್ತು ದಿನದಲ್ಲಿ ಮೊದಲ ಸಲ. ಅಕ್ಕ ಕೈಮುಗಿದಳು. ಅಜ್ಜಿಯ ಕಣ್ಣಲ್ಲಿ ನೀರು ಬಂತು.

"ಇದು ಬಾಳ ಚಲೋ ಔಷಧಿ ಐತಿ. ದಿನಾ ಎರಡು ಹೊತ್ತು ಹಾಕಬೇಕು, ತಿಂಗಳತನಾ. ಒಂದೇ ಇತ್ತಲ್ಲ, ಏನು ಮಾಡ್ಲಿ?"

ಕಂಬಳಿಯೊಳಗಿನಿಂದ ಗೆಳತಿ ಮುಖ ಹೊರಹಾಕಿದಳು. ಕಣ್ಣು ಕೆಂಪಗಾಗಿ ನೀರಿಳಿಯುತ್ತಿತ್ತು, ಆದರೂ ನನ್ನ ಬಗ್ಗೆ ಅವಳಿಗೆ ಎಂಥ ಅಭಿಮಾನ!

"ಚಿಂತಿ ಮಾಡಬ್ಯಾಡ್ರಿ ಅಜ್ಜಿ. ಬೇಲಿ ತುಂಬ ಐತಂತ, ಕತ್ತರಿಸಿ ಕತ್ತರಿಸಿ ಸಾಕಾಗೇತಂತ ಇವಳೇ ಬರದಾಳ."

ಅಜ್ಜಿ, ಅಕ್ಕ, ಅವ್ವ, ಬಾಗಿಲಲ್ಲಿ ನಿಂತ ಅಪ್ಪ, ಎಲ್ಲರೂ ನನ್ನ ಕಡೆ ತಿರುಗಿದರು. ಅಜ್ಜಿ ಕುಡುಗೋಲು ತೆಗೆದು ನನ್ನ ಕೈಗೆ ಕೊಟ್ಟಳು.

"ನಡಿಯವ್ವ, ತೋರಸು."