ಮೂರನೇ ಕೊಟೇಶನ್ನು

ನಮ್ಮನಿಯವರು ಪುಕ್ಕಟ ಕೊಟ್ರೂ ಗಾಳಿ ತಗೊಳ್ಳೂದಿಲ್ಲ! "ಫ್ಯಾನಿನ ಗಾಳಿಗೆ ಕರೆಂಟಿನ ಖರ್ಚು, ಹೊರಗಿನ ಗಾಳಿಗೆ ಸೊಳ್ಳಿ ಖರ್ಚು. ಅಸಲಿ ಖರ್ಚು ತಿಳೀದ ಏನೂ ತಗೋಬಾರದು" ಅಂತಾರ. ಹೆಸರು ಕೇಳಬ್ಯಾಡ್ರಿ. ಈ ವಯಸ್ಸಿನಾಗೂ ಗಂಡನ ಹೆಸರು ನನ್ನ ಬಾಯಾಗ ಬರಂಗಿಲ್ಲ, ಫೋನಿನಾಗ ಒತ್ತೂದಂತೂ ದೂರ ಉಳೀತು.

ಇಲ್ಲೇ ಹೈದರಾಬಾದಿನಾಗ ಸರ್ಕಾರಿ ಫ್ಯಾಕ್ಟರಿ ಖರೀದಿ ಸೆಕ್ಷನ್ನಿನಾಗಿದ್ದು ರಿಟೈರ್ ಆದವ್ರು. ಅಲ್ಲೆ ಒಂದು ಮೊಳಿ ಕೊಳ್ಳಬೇಕಂದ್ರೂ ಮೂರು ಅಂಗಡಿ ದರದ ಚೀಟಿ, ಅಂದ್ರ ಕೊಟೇಶನ್, ಬೇಕಂತ. ನೌಕರಿ ಬಿಟ್ರು, ಕೊಟೇಶನ್ ಬಿಡಲಿಲ್ಲ. ಕೊತ್ತಂಬರಿಗೂ ಮೂರು ಬಂಡಿ ಕೇಳ್ತಾರ. ತಿರುಗಿ ಮೊದಲನೇ ಬಂಡಿಗೆ ಬರೂದ್ರಾಗ ಕೊತ್ತಂಬರಿ ಖಾಲಿ, ನಮ್ಮ ಸಾರು ಬೋಳು! ಕನ್ಯಾ ನೋಡಿದ್ದೂ ಹಂಗ ಅಂತ. "ಮೊದಲ ಎರಡು ಮನಿ ಕನ್ಯಾ ನೋಡಿದ ಮ್ಯಾಲೇ ನಿಮ್ಮ ಅಜ್ಜೀನ ಒಪ್ಪಿದ್ದು" ಅಂತ ಮೊಮ್ಮಕ್ಕಳ ಮುಂದ ಮೀಸಿ ತಿರುವತಾರ. ನಾ ಮೂರನೇ ಕೊಟೇಶನ್ನು ನೋಡ್ರಿ!

ಒಮ್ಮೆ ಸೋವಿ ಸಿಗತೈತಿ ಅಂತ ಬೇಗಂ ಬಜಾರಕ್ಕ ಹೋಗಿ ತೊಗರಿಬ್ಯಾಳಿ ತಂದ್ರು. ಆಟೋ ಖರ್ಚು ಕೂಡಿಸಿದ್ರು, ದಾರ್ಯಾಗ ತಿಂದ ಮಿರ್ಚಿ ಕೂಡಿಸಿದ್ರು, ಹರದ ಚಪ್ಪಲೀನೂ ಕೂಡಿಸಿದ್ರು. "ಇದು ಬಾದಾಮಿಗಿಂತ ತುಟ್ಟಿ ಬಿತ್ತು!" ಅಂದ್ರು. ಅದು ಮುಗಿಯೂ ತನಕ ಬಂದವರಿಗೆಲ್ಲ ನಾ "ಬಾದಾಮಿ ಸಾರು ಐತಿ, ಉಣ್ರಿ" ಅಂತಿದ್ದೆ.

ಈಗ ನನ್ನ ಕಥಿ ಕೇಳ್ರಿ. ಮೊಮ್ಮಗಳು ಫೋನಿನಾಗ ಕನ್ನಡ ಒತ್ತೂದು ಕಲಿಸಿದ್ಲು. ಹುಚ್ಚು ಹಿಡದಂಗ ಬರಿಯಾಕತ್ತೆ. ಅಷ್ಟರಾಗ ಕಣ್ಣಾಗ ಪೊರಿ! ಸಕ್ಕರಿ ಕಾಯಿಲೆ ಹದಕ್ಕ ಬರೂ ತನಕ ಆಪರೇಶನ್ ಇಲ್ಲ ಅಂದ್ರು ಡಾಕ್ಟರು. ಅಕ್ಷರ ಇರುವಿ ಸಾಲಿನಂಗ ಹರದಾಡಾಕತ್ತುವು. ಕಲ್ತಿದ್ದ ಈಗ, ಈಗಲೇ ನಿಲ್ಲತೈತೇನು ಅಂತ ನಮ್ಮನಿಯವರ ಮುಂದ ಹೋಗಿ ನಿಂತೆ. "ದೊಡ್ಡ ಪರದೆದು ಒಂದು ಕಂಪ್ಯೂಟರ್ ಕೊಡಸ್ರಿ" ಅಂದೆ. ಅನಬಾರದಿತ್ತು!

ಇವರು ಊರೆಲ್ಲಾ ಕೇಳಿ ಬಂದ್ರು. ಕಂಪ್ಯೂಟರಿನಾಗೂ ಮೂರು ಜಾತಿ ಅಂತ. ಕಡಿದ ಸೇಬು ಹಣ್ಣಿನ ಚಿತ್ರದ್ದು, ಕಿಟಕಿ ಚಿತ್ರದ್ದು, ಮತ್ತ ಒಂದು ಪೆಂಗ್ವಿನ್ ಅನ್ನೂ ಡುಮ್ಮ ಹಕ್ಕಿದು. ಹಣ್ಣಿಂದು ತುಟ್ಟಿ, ಆದ್ರ ಭಾಳ ವರ್ಷ ಬಾಳತೈತಿ, ಹಳೇದು ಮಾರಿದ್ರೂ ರೊಕ್ಕ ಬರತೈತಿ, ಹಂಗಾಗಿ ಸೋವಿ. ಕಿಟಕಿದು ಸೋವಿ, ಆದ್ರ ವೈರಸ್ ಅನ್ನೂ ರೋಗ ಬರದಂಗ ವರ್ಷಾ ಔಷಧದ ಖರ್ಚು, ಹಂಗಾಗಿ ತುಟ್ಟಿ. ಹಕ್ಕಿದ್ರ ಒಳಗಿನ ಸಾಫ್ಟವೇರ್ ಪೂರಾ ಪುಕ್ಕಟ, ಆದ್ರ ಕಲಿಸಾಕ ಬಂದವ್ರಿಗೆ ಚಾ, ಉಪ್ಪಿಟ್ಟು ನಮ್ಮದು. ಹಂಗಾಗಿ ಎಲ್ಲಕ್ಕಿಂತ ತುಟ್ಟಿ!

"ಅಂದ್ರ ಯಾವುದು ಸೋವಿ?" ಅಂತ ಕೇಳಿದೆ.

"ಅದ ತಿಳೀವಲ್ದು."

ಅವರಿಗೇ ತಿಳೀಲಿಲ್ಲಂದ್ರ ನನಗೇನು ತಿಳಿತೈತ್ರಿ? ಕಂಪ್ಯೂಟರಿಗೂ ರೋಗ ಬರತೈತಿ ಅಂದ್ರ ಅದಕ್ಕೂ ಸಕ್ಕರಿ ಕಾಯಿಲೆ ಐತೇನು? ದಿನಾ ಒಂದು ಸೋವಿ ಆಗೂದು, ಮರುದಿನ ಅದ ತುಟ್ಟಿ ಆಗೂದು. ನನ್ನ ಕಣ್ಣು ಮಾತ್ರ ದಿನಾ ಮಸುಕು.

ಕಡೀಕ ಒಂದಿನ ಸುಲ್ತಾನ್ ಬಜಾರದಾಗ ಜಂಪರಿನ ಅರಿವಿ ತಗೊಂಡು ಬರೂವಾಗ ಒಂದು ಕಂಪ್ಯೂಟರ್ ಅಂಗಡಿ ಹೊಕ್ಕೆವು. ಇವರು "ಭಾಯ್, ಅಸಲೀ ಖರ್ಚಾ ಬೋಲೋ" ಅಂತ ಶುರು ಹಚ್ಚಿಕೊಂಡ್ರು. ಕರೆಂಟ್ ಎಷ್ಟು ತಿಂತೈತಿ, ಹಳೇದಾದ ಮ್ಯಾಲ ಗುಜರಿಯವ ಎಷ್ಟು ಕೊಡ್ತಾನ, ಎಲ್ಲಾ ಕೇಳಿದ್ರು.

"ಸಾಬ್, ಪೈಲೆ ಖರೀದೋ ತೋ ಸಹೀ!" ಅಂದ ಅಂಗಡಿಯವ. ಮೊದಲ ಕೊಳ್ಳ್ರಿ ಅಂತ ಅವನ ಮಾತು.

ನಾ ಅವಗ ಹೇಳಿ ಅಲ್ಲಿದ್ದ ದೊಡ್ಡ ಪರದೆ ಕಂಪ್ಯೂಟರಿನಾಗ ಕನ್ನಡ ಹಾಕಿಸ್ಕೊಂಡು, ಸ್ಟೂಲಿನ ಮ್ಯಾಲ ಕುಂತು, ಒಂದ ಬೆರಳಿಲೆ ಒತ್ತಿದೆ: ನಮ್ಮನಿಯವರು. ಒಂದೊಂದು ಅಕ್ಷರ ಜ್ವಾಳದ ರೊಟ್ಟಿಯಷ್ಟು!

"ಕಾಣಾಕತ್ತಾವ್ರೀ!" ಅಂತ ಅಂಗಡಿ ತುಂಬ ಒದರಿದೆ.

ಇವರು ತಿರುಗಿ ಪರದೆ ನೋಡಿದ್ರು. ನನ್ನ ನೋಡಿದ್ರು. "ಯೇಚ್ ಪ್ಯಾಕ್ ಕರ್ ದೋ", ಇದನ್ನ ಕಟ್ಟಿಕೊಡು, ಅಂದ್ರು.

"ಅಯ್ಯ! ಇನ್ನೆರಡು ಅಂಗಡಿ ನೋಡೂದಿಲ್ಲೇನು?"

"ಬ್ಯಾಡ."

"ಆರಾಮ ಇದ್ದೀರಿಲ್ಲೋ? ಹುಟ್ಟಿದಾಗಿಂದ ಹಿಂಗ ಮಾಡಿಲ್ಲಲ್ರಿ!"

"ಒಮ್ಮೆ ಮಾಡೀನಿ" ಅಂದ್ರು, ನನ್ನ ಮಾರಿ ನೋಡದ, ಪಾಕೀಟು ತಗೀತ. "ನಿಮ್ಮಪ್ಪನ ಮನ್ಯಾಗ. ನೀ ಮೊದಲನೇ ಕನ್ಯಾ. ಉಳಿದ ಎರಡು ಮನಿಗೆ ನಾ ಹೋಗಲೇ ಇಲ್ಲ."

ಇಷ್ಟು ವರ್ಷ ಮೂರನೇ ಕೊಟೇಶನ್ ಅಂತ ಆಡಿಸಿದ ಮನಷ್ಯಾ! ಆಟೋದಾಗ ಕಂಪ್ಯೂಟರಿನ ಪೆಟ್ಟಿಗಿ ತೊಡಿ ಮ್ಯಾಲ ಇಟ್ಕೊಂಡು ಅವರ ಮಗ್ಗಲಕ್ಕ ಸರದು ಕುಂತೆ. ಅದು ಹಣ್ಣಿಂದೋ, ಕಿಟಕಿದೋ, ಹಕ್ಕಿದೋ, ಕೇಳಾಕ ನೆನಪಾಗಲಿಲ್ಲ.