ವ್ಯಾನಿಗೊಂದು ಬೆಳ್ಳಿ ಅಂಗಿ

ಹೆಂಡತಿಯ ಮುಂದೆ ಕೊಚ್ಚಿಕೊಳ್ಳದ ಗಂಡಸು ಇದ್ದಾನೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನನಗಂತೂ ಅದು ಊಟದಷ್ಟೇ ಅಗತ್ಯ. ನಾವು ನಾರಾಯಣಪೇಟೆಯ ನೇಕಾರರು. ಮಗ್ಗ ನನ್ನದು, ಮಾತು ನನ್ನ ಹೆಂಡತಿ ಈರಮ್ಮನದು. ಹಳೆಯ ವ್ಯಾನೊಂದರಲ್ಲಿ ಸೀರೆ, ಸ್ಟೌ, ಹಾಸಿಗೆ ಎಲ್ಲ ತುಂಬಿಕೊಂಡು ಮಕ್ತಲ್, ಮಾಗನೂರು, ಗಟ್ಟು ಎಂದು ಊರೂರು ತಿರುಗುತ್ತೇವೆ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ತೆಲಂಗಾಣವೆಂಬ ಹೊಸ ರಾಜ್ಯ ಬಂತು, ಹೊಸ ಜಿಲ್ಲೆಗಳೂ ಬಂದವು. ನಮ್ಮ ವ್ಯಾನಿನ ತಗಡು ಮಾತ್ರ ಹಳೆಯದೇ, ಬಿಸಿಲೂ ಹಳೆಯದೇ.

ಈ ಬೇಸಿಗೆಯಲ್ಲಿ ಈರಮ್ಮ ಖಡಾಖಂಡಿತ ಹೇಳಿಬಿಟ್ಟಳು: "ಆ ತಗಡಿನ್ಯಾಗ ರೊಟ್ಟಿ ಬೇಯಲಿ, ನಾ ಬೇಯಂಗಿಲ್ಲ. ತಂಪು ಮಾಡ್ರಿ, ಇಲ್ಲಾಂದ್ರ ನೀವೊಬ್ರೇ ಹೋಗ್ರಿ." ಒಬ್ಬನೇ ಹೋದರೆ ಏನಾಗುತ್ತದೆಂದು ನನಗೆ ಗೊತ್ತು. ಹಿಂದೊಮ್ಮೆ ಹಾಗೆ ಹೋಗಿ, ಆಸೆಯಿಂದ ಸೀರೆ ಹಿಡಿದ ಹೆಂಗಸೊಬ್ಬಳಿಗೆ ಈ ಬಣ್ಣ ನಿಮಗೆ ಒಪ್ಪುವುದಿಲ್ಲ ಎಂದು ಸತ್ಯ ಹೇಳಿ, ಇಡೀ ಓಣಿಯ ಬಾಗಿಲು ಮುಚ್ಚಿಸಿಕೊಂಡು ಬಂದವನು ನಾನು.

ಆದ್ದರಿಂದ ರಾಯಚೂರಿಗೆ ಓಡಿ, ವ್ಯಾನಿನೊಳಗೆ ಹಚ್ಚುವ ಬೆಳ್ಳಿಬಣ್ಣದ ಹಾಳೆ ತಂದೆ. ಬಿಸಿಲಿನ ಕಾವನ್ನು ಬಂದ ದಾರಿಗೇ ಅಟ್ಟುತ್ತದಂತೆ, ದೋಣಿಗಳಿಗೂ ಹಾಕುತ್ತಾರಂತೆ. ತಗಡಿಗೂ ಹಾಳೆಗೂ ನಡುವೆ ಎರಡು ಬೆರಳು ಸಂದು ಬಿಡಿ, ಆ ಗಾಳಿಯೇ ಮುಖ್ಯ ಎಂದು ಅಂಗಡಿಯವನು ಹೇಳಿದ. ಒಳಗೊಳಗೇ ನಕ್ಕೆ. ಸಂದು ಬಿಡುವುದೆ? ನೇಯ್ಗೆಯಲ್ಲಿ ಎಳೆ ಎಳೆಯ ನಡುವೆ ಸಂದು ಕಂಡರೆ ನಮ್ಮಪ್ಪ ನನ್ನನ್ನು ಊಟಕ್ಕೇ ಕರೆಯುತ್ತಿರಲಿಲ್ಲ. ಗೋಂದು ಬಳಿದು, ಒಂದು ಸುಕ್ಕೂ ಇಲ್ಲದಂತೆ ತಗಡಿಗೇ ಬಿಗಿಯಾಗಿ ಮೆತ್ತಿದೆ. ಒಳಗೆ ಹತ್ತಿದರೆ ಮದುವೆ ಮಂಟಪ! ಇನ್ನು ಇದರಲ್ಲಿ ಕುಳಿತರೆ ಥಂಡಿಯೇ ಹತ್ತುತ್ತದೆ ಎಂದು ಮೀಸೆ ತಿರುವಿದೆ. ಪಾಪ, ಈರಮ್ಮ ನಂಬಿ ಹೊರಟಳು.

ಗದ್ವಾಲ್ ದಾರಿಯ ಊರೊಂದರಲ್ಲಿ ವ್ಯಾನನ್ನು ರಣಬಿಸಿಲಿನಲ್ಲೇ ನಿಲ್ಲಿಸಿದೆ. ತಗಡಿನ ಕಾವೆಲ್ಲ ಹಾಳೆಗೆ ಇಳಿಯಿತು, ಹಾಳೆಯಿಂದ ನನ್ನ ನೆತ್ತಿಗೆ. ಈರಮ್ಮ ಒಳಗೊಮ್ಮೆ ಇಣುಕಿ, ಸೀರೆ ಗಂಟು ಹೊತ್ತು ಪಕ್ಕದ ಬೇವಿನ ನೆರಳಿಗೆ ನಡೆದಳು. ಕುರುಬರ ಓಣಿಯ ಹೆಂಗಸರು ಸುತ್ತ ಸೇರಿದರು. ವ್ಯಾಪಾರ ಜೋರು. ನಾನೂ ಎದ್ದು ಹೋಗಬಹುದಿತ್ತು, ಆದರೆ ಹೋದರೆ ಸೋತಂತೆ. ಬನಿಯನ್ ಹಿಂಡುತ್ತ ಕುಳಿತೆ. ಯಜಮಾನರೆಲ್ಲಿ ಎಂದು ಯಾರೋ ವಿಚಾರಿಸಿದ್ದು, ಒಳಗೆ ತಂಪಿಗೆ ಕುಳಿತಿದ್ದಾರೆ ಎಂದು ಇವಳು ಹೇಳಿದ್ದು ಎರಡೂ ಕೇಳಿಸಿದವು.

ಸ್ವಲ್ಪ ಹೊತ್ತಿಗೆ ಈರಮ್ಮ ವ್ಯಾನಿನ ಬಾಗಿಲಿಗೆ ಬಂದಳು. ಕೈಯಲ್ಲಿ ಯಾರದೋ ಕರಿ ಕಂಬಳಿ, ಹಿಂದೆ ಅರ್ಧ ಊರು.

"ಥಂಡಿ ಭಾಳ ಆತೇನ್ರಿ? ಹೊದ್ಕೊಳ್ರಿ."

ಸೋತೆನೇ ನಮ್ಮವ್ವ ಎಂದಿದ್ದರೆ ಸಾಕಿತ್ತು. ಬೇವಿನ ನೆರಳು, ತಂಬಿಗೆ ನೀರು ಎರಡೂ ಸಿಗುತ್ತಿದ್ದವು. ನಾನು ಕಂಬಳಿ ಈಸಿಕೊಂಡು ಕಿವಿ ಮುಚ್ಚುವಂತೆ ಹೊದ್ದುಕೊಂಡೆ.

"ಇನ್ನೊಂದು ಇದ್ರ ನೋಡು" ಅಂದೆ.