ಮುದುಕ ನಡೆದೇ ಮನೆಗೆ ಹೋದದ್ದೇಕೆ?

ಇಂಗ್ಲಿಷ್ ಬರುವುದಿಲ್ಲ ಎಂದು ಒಪ್ಪಿಕೊಳ್ಳುವವರಿಗೆ ಹೇಗಾದರೂ ಕಲಿಸಬಹುದು. ಬರುತ್ತದೆ ಎಂದುಕೊಂಡವರದೇ ಕಷ್ಟ. ನಾನು ಎರಡನೆಯ ಪಂಗಡದವನು. ರಾಯಚೂರಿನಿಂದ ಬಂದು ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದೇನೆ. ಬಂದ ಪತ್ರದ ವಿಷಯದ ಸಾಲನ್ನೂ ಕೆಳಗಿನ ಸಹಿಯನ್ನೂ ನೋಡಿದರೆ ಸಾಕು, ನಡುವಿನದು ತಾನೇ ಹೊಳೆಯುತ್ತದೆ. ಹೊಳೆದದ್ದಕ್ಕೆ ಉತ್ತರ ಬರೆದು ಕಳಿಸುತ್ತೇನೆ. ಅವರೂ ಹಾಗೆಯೇ ಓದುತ್ತಾರೋ ಏನೋ, ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ಹತ್ತನೆಯ ತರಗತಿಯ ನನ್ನ ಮಗಳು ಸಹನಾಳಿಗೆ ಇಂಗ್ಲಿಷಿನಲ್ಲಿ ಒಂದು ಅಭ್ಯಾಸವಿದೆ. ಅರ್ಧ ಪುಟದ ಗದ್ಯ ಓದಿ, ಕೆಳಗಿನ ಪ್ರಶ್ನೆಗಳಿಗೆ ಅದರಿಂದಲೇ ಉತ್ತರ ಹುಡುಕಿ ಬರೆಯಬೇಕು. ಈ ನೋಟ್‌ಬುಕ್ಕಿನ ಅಂಕಗಳು ಕೊನೆಯ ಪರೀಕ್ಷೆಗೂ ಸೇರುತ್ತವೆ. ಕಳೆದ ತಿಂಗಳು ಒಂದು ಸಂಜೆ ಕಚೇರಿಯಿಂದ ಬಂದು ಚಹಾ ಕುಡಿಯುತ್ತ ಅವಳ ಪುಸ್ತಕದೊಳಗೆ ಇಣುಕಿದೆ. ಸಂತೆಯಿಂದ ಹೊರಟ ಮುದುಕನೊಬ್ಬನ ಕತೆ. ಬಸ್ಸು ಬಂದರೂ ಹತ್ತದೆ ಆತ ನಡೆದೇ ಮನೆಗೆ ಹೋಗುತ್ತಾನೆ. ಏಕೆ? ಇದು ಐದು ಅಂಕದ ಪ್ರಶ್ನೆ. ಸಹನಾ ಏನೋ ಎರಡು ಸಾಲು ಬರೆದಿದ್ದಳು.

"ಇದನ್ನ ಹೊಡದ್ ಹಾಕು. ಬಸ್ ಭಾಳ ರಶ್ ಇತ್ತು, ಡ್ರೈವರ್ ಮುಂದ ಒಯ್ದು ನಿಲ್ಲಿಸಿದ, ಮುದುಕಗ ಓಡಾಕ ಆಗಲಿಲ್ಲ. ಬರಿ," ಎಂದೆ.

"ಅಪ್ಪಾ, ಪ್ಯಾಸೇಜ್‌ನ್ಯಾಗ ಹಂಗಿಲ್ಲ."

"ಇಪ್ಪತ್ತೆರಡು ವರ್ಷ ಬಸ್ ಹಿಂದ ಓಡೇನಿ. ನನಗ ಹೇಳ್ತಿಯೇನು?"

ಅವಳು ಹೊಡೆದು ಹಾಕಲಿಲ್ಲ. ನಾನೇ ಪೆನ್ನು ಕಸಿದುಕೊಂಡು ಎರಡೂ ಸಾಲುಗಳ ಮೇಲೆ ಗೆರೆ ಎಳೆದೆ. ಅವಳು ಮುಖ ಊದಿಸಿಕೊಂಡು ನಾನು ಹೇಳಿದ್ದನ್ನು ಬರೆದಳು. ಮೂರು ದಿನಕ್ಕೆ ನೋಟ್‌ಬುಕ್ಕು ವಾಪಸು ಬಂತು: ಐದಕ್ಕೆ ಸೊನ್ನೆ. ಸಹನಾ ಊಟ ಬಿಟ್ಟು ಮಲಗಿದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಆ ಸೊನ್ನೆ ನನಗೇ ಬಿದ್ದದ್ದಲ್ಲವೇ!

ಮರುದಿನ ರಜೆ ಹಾಕಿ ಅವಳ ಜೊತೆ ಶಾಲೆಗೆ ಹೋದೆ. ಇಂಗ್ಲಿಷ್ ಟೀಚರಿಗೆ ಇಂಗ್ಲಿಷಿನಲ್ಲೇ ನಾಲ್ಕು ವಾಕ್ಯ ಬಿಗಿಯಾಗಿ ಹೇಳಿದೆ. ಐದನೆಯದಕ್ಕೆ ತಡವರಿಸಿ ನಮ್ಮೂರ ಕನ್ನಡಕ್ಕೆ ಜಾರಿದಾಗ ಆಕೆ ನಕ್ಕರು.

"ಕುಂದರ್ರಿ ಸರ್, ನಾನೂ ರಾಯಚೂರಿನಾಕಿ. ಈ ಪ್ಯಾಸೇಜ್ ಒಮ್ಮೆ ಜೋರಾಗಿ ಓದ್ರಿ."

ಓದಿದೆ. ಆರನೆಯ ಸಾಲಿನಲ್ಲಿ ನನ್ನ ದನಿ ತಾನೇ ಇಳಿಯಿತು. ಮುದುಕನ ಗೆಳೆಯನಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರ. ಅವನೊಬ್ಬನೇ ನಡೆಯಬಾರದೆಂದು ಮುದುಕನೂ ಜೊತೆಗೆ ನಡೆದಿದ್ದ. ಟೀಚರ್ ನೋಟ್‌ಬುಕ್ಕನ್ನು ಬೆಳಕಿಗೆ ಹಿಡಿದರು. ನನ್ನ ಗೆರೆಗಳ ಕೆಳಗೆ ಸಹನಾ ಅಷ್ಟನ್ನೂ ಮುದ್ದಾಗಿ ಬರೆದಿದ್ದಳು.

"ಸರಿ ಇದ್ದದ್ದನ್ನ ಯಾರು ಹೊಡದ್ ಹಾಕಿದ್ದು?"

"ನಾನೇ ಮಿಸ್," ಎಂದಳು ಸಹನಾ, ನೆಲ ನೋಡುತ್ತ.

ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಆಕಿ ಅಲ್ರಿ, ನಾನು," ಎಂದೆ. ಇಂಗ್ಲಿಷಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ.

ಟೀಚರ್ ಕೆಂಪು ಪೆನ್ನಿನಿಂದ ಸೊನ್ನೆಯನ್ನು ಹೊಡೆದು ಹಾಕಿ ಐದು ಬರೆದರು. "ಇನ್ನ ಮುಂದ ಮನ್ಯಾಗ ಆಕಿಗೆ ಬರೀಲಿಕ್ಕೆ ಬಿಡ್ರಿ," ಎಂದರು. ಗೇಟಿನ ತನಕ ನನ್ನ ಜೊತೆ ಬಂದ ಸಹನಾ, "ನೀ ಖರೇ ಹೇಳ್ತಿ ಅಂತ ಅನಕೊಂಡಿದ್ದಿಲ್ಲ," ಎಂದು ನಕ್ಕು ತರಗತಿಗೆ ಓಡಿದಳು.

ಸಂಜೆ ಹೆಂಡತಿ ಕೇಳಿದಳು: "ಸಾಲಿಗೆ ಹೋಗಿದ್ರಿ, ಏನಾತು?" ದಾರಿಯ ಟ್ರಾಫಿಕ್ಕು, ಶಾಲೆಯ ಹೊಸ ಕಟ್ಟಡ, ಟೀಚರ್ ರಾಯಚೂರಿನವರು ಎಂಬುದು, ಅವರು ಚಹಾ ಕೊಡದೇ ಇದ್ದದ್ದು, ಎಲ್ಲವನ್ನೂ ವಿವರವಾಗಿ ಹೇಳಿದೆ. ಕೊನೆಯತನಕ ಕೇಳಿ, "ಅದೆಲ್ಲಾ ಇರಲಿ, ಮಾರ್ಕ್ಸ್ ಹಾಕಿದ್ರೋ ಇಲ್ಲೋ?" ಎಂದಳು.

ಒಳಗಿನಿಂದ ಸಹನಾ ಕೂಗಿದಳು: "ಅಮ್ಮಾ, ಅಪ್ಪಗ ಪ್ರಶ್ನೆ ಎರಡು ಸಲ ಓದಿ ಹೇಳಬೇಕು!"